ಹನ್ನೆರಡು ಮೊಳ, ಒಂದು ಮೊಳೆ

ನಮ್ಮೂರಿನಲ್ಲಿ ಮಲಗುವ ಕೋಣೆಯ ಗೋಡೆಗೆ ಯಾರೂ ಮೊಳೆ ಹೊಡೆಯುವುದಿಲ್ಲ. ಕ್ಯಾಲೆಂಡರನ್ನು ಬಾಗಿಲ ಚಿಲಕಕ್ಕೆ ನೇತುಹಾಕುತ್ತೇವೆ, ಅಂಗಿ ಲಂಗಗಳನ್ನು ಹಗ್ಗದ ಮೇಲೆ ಎಸೆಯುತ್ತೇವೆ, ಕನ್ನಡಿಯನ್ನು ನೆಲದ ಮೇಲೆ ಗೋಡೆಗೆ ಒರಗಿಸಿಟ್ಟು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತೇವೆ. ಮೊಳೆ ಹೊಡೆದ ಕೋಣೆ ಅಲ್ಲಿಗೇ ನಿಂತುಬಿಡುತ್ತದೆ. ಮುಂದೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮಗು ತೀರಿಕೊಂಡ ಮನೆಯಲ್ಲಿ ಮಾತ್ರ, ಅದು ಮಲಗುತ್ತಿದ್ದ ಕೋಣೆಯಾದರೂ ಉಳಿಯಲಿ ಎಂದು ಹೆತ್ತವರು ಒಂದು ಮೊಳೆ ಹೊಡೆಯುತ್ತಾರೆ. ಮಿಕ್ಕವರು ಆ ಮಾತನ್ನು ಬಾಯಲ್ಲೂ ಆಡುವುದಿಲ್ಲ.

ಮಿಕ್ಕ ಕೋಣೆಗಳೆಲ್ಲ ಮಲಗುವವರನ್ನು ನೋಡಿಕೊಂಡು ಹಿಗ್ಗುತ್ತವೆ, ಕುಗ್ಗುತ್ತವೆ. ಕೂಸು ಹುಟ್ಟಿದ ಮನೆಯಲ್ಲಿ ಅಡುಗೆಮನೆ ಒಂದು ಗೇಣು ಹಿಂದೆ ಸರಿಯುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಗೌಂಡಿಗಳು ಫರಸಿ ಕಲ್ಲುಗಳನ್ನು ಸಿಮೆಂಟು ಹಾಕದೆ ಸುಮ್ಮನೆ ಹಾಸಿ ಹೋಗುತ್ತಾರೆ, ಬೇಕಾದಾಗ ಒಂದೆರಡು ಸೇರಿಸಬಹುದು, ಬೇಡವಾದಾಗ ಎತ್ತಿ ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಕಿಕೊಳ್ಳಬಹುದು. ಹೆಣ್ಣುಮಕ್ಕಳು ಮದುವೆಯಾಗಿ ಹೋದರೆ ಅವರ ಕೋಣೆ ದಿನಕ್ಕಿಷ್ಟು ಕುಗ್ಗುತ್ತ ಬಂದು ವರ್ಷದೊಳಗೆ ಗೋಡೆಯಲ್ಲೊಂದು ಗೂಡಾಗುತ್ತದೆ. ಅದರಲ್ಲಿ ಹಣತೆ ಇಡುತ್ತಾರೆ, ಬೆಂಕಿಪೊಟ್ಟಣ ಇಡುತ್ತಾರೆ. ಹಳೆಯ ಮನೆಗಳಿಗೆ ಹೋದರೆ ಗೂಡುಗಳನ್ನು ಎಣಿಸಿ ಎಷ್ಟು ಹೆಣ್ಣುಮಕ್ಕಳು ಹೊರಟುಹೋದರು ಎಂದು ಹೇಳಬಹುದು. ನಮ್ಮೂರಿನವರು ಇದನ್ನು ಬಹಳ ಚೆಂದದ ಸಂಗತಿ ಎಂಬಂತೆ ಬಂದ ನೆಂಟರಿಗೆಲ್ಲ ತೋರಿಸುತ್ತಾರೆ. ನನಗಂತೂ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ನೀಲಾಂಬಿಕಾ, ಮನೆಯಲ್ಲಿ ನೀಲಾ. ನನಗೆ ಹದಿನಾರು, ತಂಗಿ ಕಸ್ತೂರಿಗೆ ಹದಿಮೂರು. ಎರಡು ವರ್ಷದ ಹಿಂದೆ ನಮ್ಮ ಅವ್ವ, ಅಪ್ಪ ಬೇರೆಯಾದರು. ಅವರೇನೂ ಕೂಗಾಡಲಿಲ್ಲ, ಪಾತ್ರೆ ಎಸೆಯಲಿಲ್ಲ. ಒಬ್ಬರ ಜೊತೆ ಒಬ್ಬರು ಮಾತಾಡುವುದನ್ನೇ ಬಿಟ್ಟರು, ಅಷ್ಟೇ. ಒಂದೇ ಪಂಕ್ತಿಯಲ್ಲಿ ಉಣ್ಣಲು ಕೂತು 'ನೀಲಾ, ಉಪ್ಪು ಕೊಡಾಕ ಹೇಳವಾ ನಿಮ್ಮವ್ವಗ' ಎನ್ನುತ್ತಿದ್ದ ಅಪ್ಪ. 'ಡಬ್ಬಿ ಅವರ ಮಗ್ಗಲದಾಗ ಐತಿ ಅಂತ ಹೇಳು' ಎನ್ನುತ್ತಿದ್ದಳು ಅವ್ವ. ನಾನು ನಡುವೆ ಕೂತ ಟಪಾಲಿನವಳು. ಒಂದು ದಿನ ಅವ್ವ ತನ್ನ ಹೊಲಿಗೆ ಮಷೀನನ್ನು ಕೈಗಾಡಿಗೆ ಹಾಕಿಸಿಕೊಂಡು ಕೆಳಗಿನ ಓಣಿಯ ತವರಿಗೆ ಹೋದಳು. ಅಪ್ಪ ಮೇಲಿನ ಓಣಿಯಲ್ಲಿ, ತನ್ನ ಹಿಟ್ಟಿನ ಗಿರಣಿಯ ಹಿಂದಿನ ಮನೆಯಲ್ಲೇ ಉಳಿದ.

ತವರಿನಲ್ಲಿ ಅವ್ವನ ಕೋಣೆ ಯಾವತ್ತೋ ಗೂಡಾಗಿತ್ತು. ಅವ್ವನ ತಾಯಿ, ನಾವು ಆಯಿ ಎಂದು ಕರೆಯುವವಳು, ಅದರಲ್ಲಿ ಹಲ್ಲುಪುಡಿಯ ಡಬ್ಬಿ ಇಟ್ಟುಕೊಂಡಿದ್ದಳು. ಅವ್ವ ಹೋದ ದಿನ ಆಯಿ ಏನೊಂದೂ ಕೇಳದೆ ಡಬ್ಬಿಯನ್ನು ತೆಗೆದು ಬಚ್ಚಲಿಗೆ ಇಟ್ಟಳಂತೆ. ಹದಿನೇಳು ವರ್ಷ ಸಂಸಾರ ಮಾಡಿದ ಹೆಂಗಸು ಪಡಸಾಲೆಯಲ್ಲಿ ಚಾಪೆ ಹಾಸಿ, ತಲೆಯಷ್ಟನ್ನು ಗೂಡಿನೊಳಗೆ ತೂರಿಸಿಕೊಂಡು ಮಲಗಿದಳು. ಅವಳಿಗೆ ಕಾಲು ಚಾಚುವಷ್ಟು ಕೋಣೆಯಾಗಲು ಎಂಟು ತಿಂಗಳು ಹಿಡಿಯಿತು. ಅವಳ ಪಕ್ಕದಲ್ಲಿ, ಅಡುಗೆಮನೆಯ ಗೋಡೆಗೆ, ನಮಗೆಂದು ಇನ್ನೊಂದು ಕೋಣೆ ಬಿರುಕಿನಿಂದ ಶುರುವಾಗಿ ಬೆಳೆಯಿತು.

ಬೇರೆಯಾದವರ ಮಕ್ಕಳಿಗೆ ಊರ ಕಚೇರಿಯ ಕಾನೂನು ಉಂಟು. ಶುಕ್ಲಪಕ್ಷ ತಾಯಿಯ ಮನೆ, ಕೃಷ್ಣಪಕ್ಷ ತಂದೆಯ ಮನೆ. ಚಂದ್ರ ಹಿಗ್ಗುವಾಗ ಅಲ್ಲಿ, ಕುಗ್ಗುವಾಗ ಇಲ್ಲಿ. ನಮ್ಮಂಥವರಿಗೆ ಊರಿನಲ್ಲಿ ಪಕ್ಷದ ಮಕ್ಕಳು ಎಂದು ಹೆಸರು. ಹುಣ್ಣಿಮೆಯ ಮರುದಿನ, ಅಮಾವಾಸ್ಯೆಯ ಮರುದಿನ, ನಾನೊಂದು ಕಡೆ ಕಸ್ತೂರಿ ಒಂದು ಕಡೆ ಹಿಡಿದುಕೊಂಡು ಕಬ್ಬಿಣದ ಟ್ರಂಕನ್ನು ಆ ಓಣಿಯಿಂದ ಈ ಓಣಿಗೆ ಹೊರುತ್ತಿದ್ದೆವು. ಕಟ್ಟೆಯ ಮೇಲೆ ಕೂತವರಿಗೆ ಅದೊಂದು ಸಡಗರ. 'ಏನವಾ ನೀಲಾ, ಈಗ ಯಾವ ಪಕ್ಷ?' ಎನ್ನುತ್ತಿದ್ದರು. ಅವರು ತಿಥಿ ಕೇಳುತ್ತಿದ್ದರೋ, ಯಾರ ಕಡೆ ಎಂದು ಕೇಳುತ್ತಿದ್ದರೋ, ಕೇಳಿದವರ ಮುಸಿಮುಸಿ ನಗು ನೋಡಿದರೆ ಗೊತ್ತಾಗುತ್ತಿತ್ತು. ಇವರ ನಾಲಿಗೆಗಿಷ್ಟು ಬರೆ ಎಳೆಯಬೇಕು ಅನ್ನಿಸುತ್ತಿತ್ತು. ಆದರೆ ಟ್ರಂಕು ಹಿಡಿದ ಕೈ ಬಿಡುವ ಹಾಗಿರಲಿಲ್ಲ.

ಪಕ್ಷದ ಮಕ್ಕಳ ಪಾಡು ಏನೆಂದು ಒಬ್ಬರಾದರೂ ಕೇಳಿದ್ದಾರೆಯೇ? ಗಣಿತದ ನೋಟ್‌ಬುಕ್ಕು ಯಾವಾಗಲೂ ಇನ್ನೊಂದು ಮನೆಯಲ್ಲಿರುತ್ತದೆ. ಮುಟ್ಟಾದಾಗ ಬೇಕಾದ ಬಟ್ಟೆಯೂ ಇನ್ನೊಂದು ಮನೆಯಲ್ಲಿರುತ್ತದೆ. ಹದಿನೈದು ದಿನ ನಾವಿಲ್ಲದ ಕೋಣೆ ಕುಗ್ಗಿ ಕೂತಿರುತ್ತದೆ, ಎರಡೂ ಮಂಚ ಒಂದಕ್ಕೊಂದು ಬಡಿದುಕೊಂಡು ನಿಂತಿರುತ್ತವೆ. ಮೊದಲ ನಾಲ್ಕು ದಿನ ಮೊಣಕಾಲನ್ನು ಎದೆಗೆ ಅವಚಿಕೊಂಡು ಮಲಗಬೇಕು. ದಿನಾ ಒಂದಿಷ್ಟು ಹಿಗ್ಗಿ ಹಿಗ್ಗಿ, ಕೊನೆಗೊಮ್ಮೆ ಕಾಲು ಪೂರಾ ಚಾಚಿ ಉಸ್ಸೆಂದು ಮಲಗುವಷ್ಟರಲ್ಲಿ ಪಕ್ಷ ಮುಗಿದಿರುತ್ತದೆ, ಎತ್ತು ಟ್ರಂಕು. ಎರಡು ವರ್ಷದಲ್ಲಿ ಆ ಟ್ರಂಕನ್ನು ಒಂದು ಸಲವೂ ಪೂರ್ತಿ ಖಾಲಿ ಮಾಡಿರಲಿಲ್ಲ ನಾನು. ತೆಗೆದಿಡುವುದಾದರೂ ಯಾಕೆ, ತಿರುಗಿ ತುಂಬುವುದಕ್ಕಾ?

ಆದರೂ ಎರಡೂ ನಮ್ಮವೇ ಮನೆಗಳು. ಅಪ್ಪನ ಮನೆಯಲ್ಲಿ ಗಿರಣಿ ಶುರುವಾದರೆ ಕೋಣೆಯ ನೆಲ ಸಣ್ಣಗೆ ನಡುಗುತ್ತದೆ, ಬಿಸಿ ಜೋಳದ ಹಿಟ್ಟಿನ ವಾಸನೆ ಕಿಟಕಿಯಿಂದ ಬರುತ್ತದೆ, ಕಸ್ತೂರಿ ಆ ನಡುಗುವ ನೆಲದ ಮೇಲೆ ಕಿವಿಯಿಟ್ಟು ಮಲಗಿ ಓದುತ್ತಾಳೆ. ಅವ್ವನ ಮನೆಯಲ್ಲಿ ಅವಳು ಕೌದಿ ಹೊಲಿಯುವಾಗ ಚೂರು ಬಟ್ಟೆಗಳ ರಾಶಿಯ ನಡುವೆ ಬಿದ್ದುಕೊಂಡು ಆಯಿ ಹೇಳುವ ಊರ ಚಾಡಿಯೆಲ್ಲ ಕೇಳಬಹುದು. ಯಾವುದನ್ನು ಬಿಡು ಅನ್ನುತ್ತೀರಿ?

ಬಿಡು ಎಂದೇ ಅಂದಿತು ಕಚೇರಿ. ಎರಡು ವರ್ಷ ತುಂಬಿದ ಮೇಲೆ ಅಳತೆ ಆಗಬೇಕು. ಪಕ್ಷ ಮುಗಿಯುವ ದಿನ ಅಳತೆ ಮಾಸ್ತರು ಬಂದು ಮಕ್ಕಳ ಕೋಣೆಯನ್ನು ಮೊಳದ ಹಗ್ಗದಿಂದ ಅಳೆಯುತ್ತಾರೆ. ಯಾವ ಮನೆಯ ಕೋಣೆ ದೊಡ್ಡದೋ ಅದೇ ಇನ್ನು ಮಕ್ಕಳ ಮನೆ. ಇನ್ನೊಂದು ಕೋಣೆಯನ್ನು ಗೂಡಾಗಲು ಬಿಡಬೇಕು. ಆಮೇಲೆ ಅಲ್ಲಿಗೆ ಹೋದರೆ ನೆಂಟರ ಹಾಗೆ ಹೋಗಬೇಕು, ಚಹಾ ಕುಡಿದು, ತಮ್ಮದೇ ಗೂಡಿನಲ್ಲಿಟ್ಟ ಹಣತೆ ನೋಡಿಕೊಂಡು ಬರಬೇಕು. 'ಎಲ್ಲಿ ಚೆಂದ ನಿದ್ದಿ ಬರತೈತೋ ಅಲ್ಲೇ ಮನಸ ಇರತೈತಿ, ಕೋಣಿ ಎಂದೂ ಸುಳ್ಳ ಹೇಳೂದಿಲ್ಲ' ಎಂದು ಅಳತೆ ಮಾಸ್ತರ ಗುರುಶಾಂತಪ್ಪನವರು ತಮ್ಮ ಕನ್ನಡಕ ಒರೆಸುತ್ತ ಹೇಳಿದರು. ಅರ್ಜಿ ಕೊಡಲು ನಾವು ನಾಲ್ವರೂ ಹೋಗಿದ್ದೆವು, ಅಪ್ಪ ಬೆಂಚಿನ ಈ ತುದಿಗೆ, ಅವ್ವ ಆ ತುದಿಗೆ.

'ಮಾಸ್ತರ, ನಮ್ಮನ್ನ ಕೇಳಿದ್ರ ನಾವು ಬಾಯಲೇ ಹೇಳತೀವಿ. ಗೋಡಿ ಯಾಕ ಅಳೀತೀರಿ?' ಎಂದೆ.

'ಮಕ್ಕಳು ಇವತ್ತೊಂದು ಹೇಳತಾವ, ನಾಳಿಗೊಂದು ಹೇಳತಾವವಾ' ಎಂದು ಅವರು ನಕ್ಕು ನನ್ನ ತಲೆ ಸವರಿದರು. ನನಗೆ ಹದಿನಾರು ವರ್ಷ ಸ್ವಾಮೀ, ತಲೆ ಸವರುತ್ತೀರಾ? ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ಅದನ್ನು ತೋರಿಸಬಾರದೆಂದು ಗೋಡೆಯ ಮೇಲೆ ಬರೆದ ಕಚೇರಿಯ ನಿಯಮಗಳನ್ನು ಮೇಲಿಂದ ಕೆಳಗೆ ಓದತೊಡಗಿದೆ. ಅರ್ಜಿಗೆ ಸಹಿ ಬೀಳುವಷ್ಟರಲ್ಲಿ ನಾಲ್ಕು ಸಲ ಓದಿದ್ದೆ. ಏಳನೆಯದು ಹೀಗಿತ್ತು: 'ಮಕ್ಕಳ ಕೋಣೆ ಇರುವ ತನಕ ಆ ಮನೆಯ ಬಾಗಿಲನ್ನು ಮಕ್ಕಳಿಗೆ ಮುಚ್ಚತಕ್ಕದ್ದಲ್ಲ.' ಎಂಟನೆಯದು: 'ಮಕ್ಕಳ ಕೋಣೆಯಲ್ಲಿ ಬೇರೆಯವರು ಮಲಗತಕ್ಕದ್ದಲ್ಲ.'

ಆ ಎಂಟನೆಯ ನಿಯಮದ ಬಣ್ಣ ಬಯಲಾದದ್ದು ಮುಂದಿನ ಶುಕ್ಲಪಕ್ಷದ ಸಪ್ತಮಿಯಂದು. ನಾವು ಅವ್ವನ ಮನೆಯಲ್ಲಿದ್ದೆವು. ಎಂದಿನಂತೆ ಗಣಿತದ ನೋಟ್‌ಬುಕ್ಕು ಅಪ್ಪನ ಮನೆಯಲ್ಲಿತ್ತು. ಶಾಲೆಯ ಊಟದ ಬಿಡುವಿನಲ್ಲಿ ಓಡಿಹೋದೆ. ಗಿರಣಿ ನಿಂತಿತ್ತು. ನಮ್ಮ ಕೋಣೆಯ ಬಾಗಿಲು ತಳ್ಳಿದರೆ ಅಪ್ಪ ನನ್ನ ಮಂಚದ ಮೇಲೆ ಗೊರಕೆ ಹೊಡೆಯುತ್ತ ಮಲಗಿದ್ದಾನೆ. ಕೋಣೆ ಏಳು ದಿನಕ್ಕೆ ಕುಗ್ಗಬೇಕಾದಷ್ಟು ಕುಗ್ಗಿಯೇ ಇಲ್ಲ, ಮಂಚಗಳ ನಡುವೆ ಆರಾಮಾಗಿ ಓಡಾಡಬಹುದು.

'ಏನ್ ನಡಸೀದಿಯಪ್ಪಾ ಇಲ್ಲಿ?'

ಅಪ್ಪ ಧಡಕ್ಕನೆ ಎದ್ದು ಕೂತ. 'ನೀಲಾ! ನೀ ಯಾಕ ಬಂದಿ? ಇವತ್ತ ಸಪ್ತಮಿ ಅಲ್ಲೇನು?'

'ತಿಥಿ ಕೇಳಬ್ಯಾಡ. ನಮ್ಮ ಕೋಣ್ಯಾಗ ಯಾಕ ಮಲಗೀದಿ, ಅದನ್ನ ಹೇಳು.'

'ಕರೆಂಟ್ ಹೋಗಿತ್ತವಾ. ಗಿರಣಿ ನಿಂತಿತ್ತು. ಸುಮ್ನ ಹಂಗ ಒಂದೀಟು ಅಡ್ಡಾಗಿದ್ದೆ.'

'ದಿಂಬಿನ ಮ್ಯಾಲೆ ಹಿಟ್ಟು ಇಷ್ಟ ದಪ್ಪ ಕುಂತೈತಿ. ಒಂದ ಮಧ್ಯಾಹ್ನದ್ದೇನು ಇದು?'

ಅಪ್ಪ ದಿಂಬನ್ನು ನೋಡಿದ, ತನ್ನ ಕೈ ನೋಡಿಕೊಂಡ. ಸುಳ್ಳು ಹೇಳಲು ಬಾರದ ಮನುಷ್ಯ, ಹೇಳಿದರೂ ಮೈಮೇಲಿನ ಹಿಟ್ಟು ಅವನನ್ನು ಹಿಡಿದುಕೊಡುತ್ತದೆ. 'ಅಳತಿಗೆ ಅಂತ ಮಲಗಿಲ್ಲ ಖರೇನ' ಎಂದ. 'ನೀವು ಹೋದ ಮ್ಯಾಲೆ ದಿನಾ ಗೋಡಿ ಒಳಗ ಬರೂದು ನೋಡಾಕ ಆಗೂದಿಲ್ಲ ನನಗ. ಮುಂಜಾನೆ ಎದ್ದು ಬಂದ್ರ ನಿನ್ನ ಮಂಚ ಹೋಗಿ ಕಸ್ತೂರಿ ಮಂಚಕ್ಕ ಬಡದಿರತಿತ್ತು. ಒಂದ ದಿನ ಮಲಗಿದೆ. ನಿದ್ದಿ ಬಂತು. ಅಲ್ಲಿ ಬರೂದಿಲ್ಲವಾ.'

ಅಲ್ಲಿ ಎಂದರೆ ಅವನ ಕೋಣೆ. ನಾನು ಹೋಗಿ ನೋಡಿದೆ. ಒಂದು ಕಾಲದಲ್ಲಿ ಜೋಡಿ ಮಂಚ, ಕಪಾಟು, ಅವ್ವನ ಮಷೀನು ಎಲ್ಲ ಹಿಡಿಸುತ್ತಿದ್ದ ಕೋಣೆ ಈಗ ಮೊಣಕೈ ಎತ್ತರದ ಒಂದು ಗೂಡು. ಅದರಲ್ಲಿ ಅಪ್ಪ ಗಿರಣಿಯ ಬೀಗದ ಕೈಯನ್ನೂ ಬಾಚಣಿಗೆಯನ್ನೂ ಇಟ್ಟಿದ್ದ. ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಅದರ ಹಿಂದೆಯೇ ಎರಡರಷ್ಟು ಸಿಟ್ಟು ಬಂತು. ನಾವಿಲ್ಲದ ಹೊತ್ತಿನಲ್ಲಿ ನಮ್ಮ ನಿದ್ದೆಯನ್ನು ಇವನು ಮಾಡುತ್ತಿದ್ದಾನೆ, ನಾಳೆ ಅದನ್ನು ಅಳೆದು ಇದು ನೀಲಾಳ ಮನಸ್ಸು ಎಂದು ಬರೆದುಕೊಳ್ಳುತ್ತಾರೆ!

ಮಾಸ್ತರರಿಗೆ ಹೇಳಿಬಿಡೋಣವೆಂದು ಕಚೇರಿಯ ತನಕ ಹೋದವಳು ಮೆಟ್ಟಿಲ ಮೇಲೆ ನಿಂತೆ. ಹೇಳಿದರೆ ಅಪ್ಪ ಸೋಲುತ್ತಾನೆ, ನಮ್ಮ ಕೋಣೆ ಗೂಡಾಗುತ್ತದೆ. ಹೇಳದಿದ್ದರೆ ಅವ್ವ ಸೋಲುತ್ತಾಳೆ. ಬಾಯಿ ತೆರೆದರೂ ಕಷ್ಟ, ಮುಚ್ಚಿದರೂ ಕಷ್ಟ. ವಾಪಸು ಬಂದು ಕಸ್ತೂರಿಗೆ ಹೇಳಿದೆ. ಅವಳು ಪೆನ್ಸಿಲು ಕಚ್ಚುತ್ತ, 'ಅಕ್ಕಾ, ಬರೂ ಕೃಷ್ಣಪಕ್ಷದಾಗ ಇಲ್ಲಿಗೂ ಒಮ್ಮೆ ಬಂದು ನೋಡೂಣು' ಎಂದಳು. ಅವಳಿಗೆ ಕಡಿಮೆ ಮಾತು, ಆದರೆ ಆಡಿದ ಮಾತೆಲ್ಲ ಹೀಗೆ ಮುಳ್ಳಿನ ಹಾಗೆ ಒಳಗೆ ಹೋಗಿ ಕೂಡುತ್ತದೆ.

ಕೃಷ್ಣಪಕ್ಷದ ಪಂಚಮಿಯಂದು, ಶಾಲೆ ಬಿಟ್ಟ ಮೇಲೆ, ಇಬ್ಬರೂ ಅವ್ವನ ಮನೆಗೆ ಹೋದೆವು. ಅವ್ವ ಪಡಸಾಲೆಯಲ್ಲಿ ಮಷೀನು ತುಳಿಯುತ್ತಿದ್ದಳು. ನಾನು ಸೀದಾ ಕೋಣೆಗೆ ಹೋಗಿ ನನ್ನ ಹಾಸಿಗೆಯ ಮೇಲೆ ಕೂತೆ, ಕೂತವಳು ಅಯ್ಯಯ್ಯೋ ಎಂದು ಎದ್ದೆ. ತೊಡೆಗೆ ಸೂಜಿ ಚುಚ್ಚಿತ್ತು. ಹೊದಿಕೆ ಎತ್ತಿದರೆ ಕೆಂಪು ದಾರದ ಉಂಡೆ, ಅವ್ವನ ಕನ್ನಡಕದ ಡಬ್ಬಿ.

ಸೂಜಿಯನ್ನು ಅವಳ ಮುಖದ ಮುಂದೆ ಹಿಡಿದೆ. 'ಇದು ನನ್ನ ಹಾಸಿಗ್ಯಾಗ ಹೆಂಗ ಬಂತವಾ?'

ಅವ್ವ ಅಪ್ಪನಂತಲ್ಲ. ಮಷೀನು ನಿಲ್ಲಿಸಲೂ ಇಲ್ಲ. 'ಮಲಗಿದ್ದೆ. ಏನೀಗ? ನಿಮ್ಮಪ್ಪ ಅಲ್ಲಿ ಮಲಗೂದಿಲ್ಲಂತ ಮಾಡೀಯೇನು?'

'ನಿನಗ ಹೆಂಗ ಗೊತ್ತು? ನಾವು ಹೇಳೇ ಇಲ್ಲ.'

'ಯಾರ ಹೇಳಬೇಕ? ಆ ಮನಶ್ಯಾಗ ಒಬ್ಬಾವ ಇದ್ರ ನಿದ್ದಿ ಹತ್ತೂದಿಲ್ಲ. ನನ್ನ ತೌರಮನಿಗೆ ಕಳಿಸಿದಾಗೆಲ್ಲಾ ಹೋಗಿ ಗಿರಣ್ಯಾಗ ಚೀಲದ ಮ್ಯಾಲೆ ಮಲಗತಿದ್ದಾ. ಹದಿನೇಳ ವರ್ಷ ನೋಡೇನಿ.'

'ಒಬ್ಬರದೊಬ್ಬರಿಗೆ ಇಷ್ಟೆಲ್ಲಾ ಗೊತ್ತೈತಿ ನಿಮಗ' ಎಂದೆ. 'ಹಂಗಿದ್ರ ಉಪ್ಪು ಕೇಳೂದ ಯಾಕ ಬಿಟ್ರಿ?'

ಮಷೀನು ನಿಂತಿತು. ಅವ್ವ ಸೂಜಿಗಾಗಿ ಕೈ ಚಾಚಿದಳು, ನಾನು ಕೊಡಲಿಲ್ಲ. 'ಅದು ದೊಡ್ಡವರ ಮಾತು' ಎಂದಳು. ಅಷ್ಟರಲ್ಲಿ ಆಯಿ ಒಳಗಿನಿಂದ, 'ದೊಡ್ಡವರಂತ, ದೊಡ್ಡವರು! ಮಕ್ಕಳ ಹಾಸಿಗ್ಯಾಗ ಕದ್ದು ಮಲಗೂ ದೊಡ್ಡವರು!' ಎಂದು ಗದರಿಸಿದಳು. ಅವ್ವನ ಕೋಣೆಗೆ ಇಣುಕಿದೆ. ಎಂಟು ತಿಂಗಳು ತಲೆ ತೂರಿಸಿ ತೂರಿಸಿ ಬೆಳೆಸಿದ ಕೋಣೆ ಮತ್ತೆ ಗೂಡಾಗುವುದರಲ್ಲಿತ್ತು, ಆಯಿಯ ಹಲ್ಲುಪುಡಿಯ ಡಬ್ಬಿ ಬಚ್ಚಲಿನಿಂದ ಮರಳಿ ಅಲ್ಲಿಗೇ ಬಂದು ಕೂತಿತ್ತು.

ಅಪ್ಪನ ಮನೆಯ ಅಳತೆ ಅಮಾವಾಸ್ಯೆಯ ಬೆಳಿಗ್ಗೆ ಆಯಿತು. ಗುರುಶಾಂತಪ್ಪನವರು ಮಂಡಿಯೂರಿ ಹಗ್ಗ ಹಿಡಿದರು, ಇನ್ನೊಂದು ತುದಿಯನ್ನು ಕಸ್ತೂರಿಯ ಕೈಗೆ ಕೊಟ್ಟರು, ಅವಳ ಕೊರಳಿಗೆ ಅವಳೇ ಹಗ್ಗ ಹಿಡಿದಂತೆ. 'ಹನ್ನೆರಡು ಮೊಳ, ಒಂದು ಗೇಣು' ಎಂದು ಕೂಗಿ ಹೇಳಿ ವಹಿಯಲ್ಲಿ ಬರೆದರು. ಆಮೇಲಿನ ಹದಿನೈದು ದಿನ ಅವ್ವ ನಮಗೆ ಉಣ್ಣಿಸಿದ್ದೇ ಉಣ್ಣಿಸಿದ್ದು, ಮಧ್ಯಾಹ್ನವೂ ಮಲಗಿ ಮಲಗಿ ಎಂದು ಬೆನ್ನು ತಟ್ಟಿದ್ದೇ ತಟ್ಟಿದ್ದು. ನಿದ್ದೆ ಬಾರದ ಹಾಗೆ ಮಾಡಬೇಕೆಂದು ನಾನು ಹಟಕ್ಕೆ ಕೂತರೆ ಹೋಳಿಗೆ ತಿಂದ ಹೊಟ್ಟೆ ಕೇಳಬೇಕಲ್ಲ.

ಹುಣ್ಣಿಮೆಯ ದಿನ ಹತ್ತು ಗಂಟೆಗೆ ಮಾಸ್ತರು ಬಂದರು. ಓಣಿಯ ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನಿಂತರು. ಅಪ್ಪ ಬಂದಿದ್ದ, ಆದರೆ ಹೊಸಿಲು ದಾಟಲಿಲ್ಲ, ಬೀದಿಯ ಆಚೆ ಬೇವಿನ ಮರದ ಕೆಳಗೆ, ತಲೆಯ ಹಿಟ್ಟನ್ನೂ ಕೊಡವದೆ ನಿಂತಿದ್ದ. ಹಗ್ಗ ಗೋಡೆಯಿಂದ ಗೋಡೆಗೆ ಹೋಯಿತು. ಮಾಸ್ತರು ಎರಡು ಸಲ ಅಳೆದರು, ಮೂರನೆಯ ಸಲ ಬೆರಳಿಟ್ಟು ಎಣಿಸಿದರು.

'ಹನ್ನೆರಡು ಮೊಳ, ಒಂದು ಗೇಣು, ನಾಲ್ಕು ಬೆರಳು. ಮಕ್ಕಳು ತಾಯಿ ಪಾಲಿಗೆ.'

ನಾಲ್ಕು ಬೆರಳು! ಅದು ಹೇಗೆ ಬಂತೆಂದು ಕೇಳಿ. ಹಿಂದಿನ ಕೃಷ್ಣಪಕ್ಷದಲ್ಲಿ ಒಂದು ತಿಥಿ ಲೋಪವಾಗಿ ಅಪ್ಪನಿಗೆ ಸಿಕ್ಕಿದ್ದು ಹದಿನಾಲ್ಕೇ ದಿನ, ಅವ್ವನಿಗೆ ಪೂರಾ ಹದಿನೈದು. ಪಂಚಾಂಗದವರು ನುಂಗಿದ ಒಂದು ದಿನದ ನಿದ್ದೆ ಅದು. ಅದನ್ನು ಹಿಡಿದುಕೊಂಡು ನಮ್ಮ ಮನಸ್ಸು ಇಲ್ಲಿದೆ ಎಂದು ಒಬ್ಬ ಮುದುಕ ಓಣಿಗೆಲ್ಲ ಕೇಳುವಂತೆ ಸಾರುತ್ತಿದ್ದಾನೆ. ಅವ್ವನ ಮುಖ ಅರಳಿತು, ಅರಳಿದ್ದು ಕಸ್ತೂರಿಯನ್ನು ನೋಡಿ ಅಲ್ಲಿಗೇ ನಿಂತಿತು. ಕಸ್ತೂರಿ ಸದ್ದಿಲ್ಲದೆ ಅಳುತ್ತಿದ್ದಳು. ಬೇವಿನ ಮರದ ಕೆಳಗೆ ಅಪ್ಪ ತನ್ನ ಬಲಗೈಯ ನಾಲ್ಕು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

ಆಗ ಏಳನೆಯ ನಿಯಮ ನನ್ನ ನಾಲಿಗೆಗೆ ಬಂತು. ಮಕ್ಕಳ ಕೋಣೆ ಇರುವ ತನಕ. ಇರುವ ತನಕ ತಾನೇ? ಇರುತ್ತದೆ ತಾಳಿ.

ಓಡಿದೆ. ಹಿಂದೆ ಕಸ್ತೂರಿ ಓಡಿಬಂದಳು, ಅವಳ ಹಿಂದೆ ಅಪ್ಪ, ಅಪ್ಪನ ಹಿಂದೆ ವಹಿ ಅವಚಿಕೊಂಡ ಮಾಸ್ತರು, ಅವರ ಹಿಂದೆ ಅರ್ಧ ಓಣಿ. ಗಿರಣಿಗೆ ನುಗ್ಗಿ ಕಲ್ಲು ಕಟೆಯುವ ಸುತ್ತಿಗೆ ತೆಗೆದುಕೊಂಡೆ, ಸಾಮಾನಿನ ಡಬ್ಬಿ ಬೋರಲು ಹಾಕಿ ಮೊಳೆ ಹುಡುಕಿದೆ. ಸಿಕ್ಕಿದ್ದೂ ನಾಲ್ಕು ಬೆರಳುದ್ದದ್ದೇ. ಅಪ್ಪ ಮಲಗುತ್ತಲೇ ಬಂದಿದ್ದರಿಂದ ಹನ್ನೆರಡು ಮೊಳಕ್ಕಿಂತ ಕುಗ್ಗಿರದ ನಮ್ಮ ಕೋಣೆಗೆ ಹೋಗಿ, ಮಂಚ ಹತ್ತಿ, ಗೋಡೆಗೆ ಮೊಳೆಯ ತುದಿ ಇಟ್ಟೆ.

'ನೀಲಾ! ಬ್ಯಾಡ!' ಬಾಗಿಲಲ್ಲಿ ಅಪ್ಪ ಬೆಳ್ಳಗೆ ನಿಂತಿದ್ದ, ಹಿಟ್ಟಿನಿಂದಲ್ಲ. 'ಅದು ಸತ್ತ ಮಕ್ಕಳ ಕೋಣಿಗೆ ಹೊಡಿಯೂದವಾ. ನೀವು ಬದುಕೀರಿ. ಬಿಡ್ತು ಅನ್ನು!'

'ಬದುಕೀವಲ್ಲಾ, ಅದಕ್ಕ ಹೊಡಿಯಾಕತ್ತೇನಿ. ಸತ್ತ ಮಕ್ಕಳಿಗೆ ಕೋಣಿ ಉಳಿಸೂ ಊರು ಬದುಕಿದ ಮಕ್ಕಳಿಗೆ ಯಾಕ ಉಳಿಸೂದಿಲ್ಲ?'

ಹೊಡೆದೆ. ಮೊದಲ ಏಟು ನನ್ನ ಹೆಬ್ಬೆರಳಿಗೇ ಬಿತ್ತು, ಇರಲಿ. ಮೂರನೆಯ ಏಟಿಗೆ ಮೊಳೆ ಹಿಡಿಯಿತು, ಆರನೆಯದಕ್ಕೆ ಕೂತಿತು. ಗೋಡೆ ಒಮ್ಮೆ ಝುಮ್ಮೆಂದು ನಡುಗಿ ಸುಮ್ಮನಾಯಿತು. ಹೊರಗೆ ಹೆಂಗಸರು ಬಾಯಿಗೆ ಸೆರಗು ಹಿಡಿದಿದ್ದರು. ಮಾಸ್ತರು ಏದುಸಿರು ಬಿಡುತ್ತ, 'ಏನ ಅನಾಹುತ ಮಾಡಿದಿಯವಾ ಹುಡುಗಿ! ಇನ್ನ ಈ ಕೋಣಿ ಕುಗ್ಗೂದಿಲ್ಲ!' ಎಂದರು.

'ಕುಗ್ಗಬಾರದು ಅಂತನ ಹೊಡದಿದ್ದು. ನಿಮ್ಮ ಕಚೇರಿ ಗೋಡಿ ಮ್ಯಾಲೆ ಏಳನೇ ನಂಬರು ಓದ್ರಿ. ಕೋಣಿ ಇರೂತನಾ ಬಾಗಲಾ ಮುಚ್ಚಾಂಗಿಲ್ಲ. ಈ ಕೋಣಿ ಇರತೈತಿ.'

'ಹಿಗ್ಗೂದೂ ಇಲ್ಲಲ್ಲವಾ ಇನ್ನ!'

'ಹನ್ನೆರಡ ಮೊಳ ಸಾಕು. ನಾ ಏನ್ ಆನಿ ಅಲ್ಲ.'

ಮಾಸ್ತರು ಕೆಟ್ಟ ಮನುಷ್ಯರೇನಲ್ಲ. ನಲವತ್ತು ವರ್ಷ ಹಗ್ಗ ಹಿಡಿದವರಿಗೆ ಹಗ್ಗದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ನೋಡುವ ರೂಢಿ ತಪ್ಪಿಹೋಗಿತ್ತು, ಅಷ್ಟೇ. ನಾನು ಅದನ್ನೂ ಅವರ ಮುಖದ ಮೇಲೆ ಹೇಳಿದೆ.

ಕಸ್ತೂರಿ ಡಬ್ಬಿಯಿಂದ ಇನ್ನೊಂದು ಮೊಳೆ ಆರಿಸಿಕೊಂಡು ಆಗಲೇ ಕೆಳಗಿನ ಓಣಿಯ ಕಡೆ ನಡೆದಿದ್ದಳು. ಇಡೀ ಮೆರವಣಿಗೆ ತಿರುಗಿ ಅವಳ ಹಿಂದೆ ಹೊರಟಿತು. ಸುತ್ತಿಗೆ ಗಡಿಬಿಡಿಯಲ್ಲಿ ಅಪ್ಪನ ಮನೆಯಲ್ಲೇ ಉಳಿಯಿತು, ನಮ್ಮ ಹಣೆಬರಹವೇ ಅಷ್ಟು, ಬೇಕಾದದ್ದು ಯಾವತ್ತೂ ಇನ್ನೊಂದು ಮನೆಯಲ್ಲಿ. ಅವ್ವ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. 'ಕಸ್ತೂರೀ, ಇಲ್ಯಾಕವಾ? ನೀವು ಇಲ್ಲೇ ಇರಾವ್ರಲ್ಲಾ. ಗೆದ್ದೇವಲ್ಲಾ ನಾವು.'

'ನಾವು ಅಲ್ಲವಾ, ನೀ ಗೆದ್ದಿ' ಎಂದಳು ಕಸ್ತೂರಿ ಮೂಗು ಒರೆಸಿಕೊಳ್ಳುತ್ತ. 'ನಾಳೆ ಲಗ್ನ ಮಾಡಿ ಕಳಿಸಿದ ಮ್ಯಾಲೆ ಇದೂ ಗೂಡ ಆಗತೈತಿ. ನಿಂದು ಆಗಿತ್ತಲ್ಲಾ. ನೀ ತಲೀ ತೂರಸಿ ಮಲಗಿದ್ದು ನಾ ನೋಡೇನಿ.'

ಆಯಿ ಒಳಗೆ ಹೋದಳು, ಮಸಾಲೆ ಅರೆಯುವ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕಸ್ತೂರಿಗೆ ಕೊಟ್ಟಳು. 'ಹೊಡಿ' ಎಂದಳು. 'ಮೂರ ಗೂಡದಾವ ನನ್ನ ತೌರಮನ್ಯಾಗ. ನಡೂಕಿಂದು ನಂದು. ಅದರಾಗ ಈಗ ಗಿಳಿ ಪಂಜರ ಇಟ್ಟಾರ. ಹೊಡಿ ನೀ.' ಅವ್ವ ಬಾಗಿಲಿನಿಂದ ಸರಿದಳು.

ಮಾಸ್ತರು ವಹಿಯನ್ನು ಪಡಸಾಲೆಯ ಮಷೀನಿನ ಮೇಲಿಟ್ಟು ಕುಸಿದು ಕೂತಿದ್ದರು. ಪಡಸಾಲೆಯಲ್ಲಿ ಅಪ್ಪನೂ ಇದ್ದ, ಎರಡು ವರ್ಷದಲ್ಲಿ ಮೊದಲ ಸಲ ಹೊಸಿಲು ದಾಟಿದ್ದು ಅವನಿಗೇ ಗೊತ್ತಿದ್ದ ಹಾಗಿರಲಿಲ್ಲ. ಕಸ್ತೂರಿ ಮೊಳೆ ಹೊಡೆದು ಮುಗಿಸಿ, ಕೈಗೆ ಮೆತ್ತಿದ ಮಸಾಲೆ ಒರೆಸಿಕೊಂಡು ಬಂದು ವಹಿಯನ್ನು ತಿರುಗಿಸಿ ನೋಡಿದಳು. 'ತಂದೆಯ ಮನೆ, ೧೨ ಮೊಳ' ಎಂದಿತ್ತು. 'ತಾಯಿಯ ಮನೆ, ೧೨ ಮೊಳ' ಎಂದಿತ್ತು, ಪಕ್ಕದಲ್ಲಿ ಗೇಣು, ಬೆರಳುಗಳ ಲೆಕ್ಕ. ಅವಳು ತನ್ನ ಕಚ್ಚಿದ ಪೆನ್ಸಿಲಿನಿಂದ ಹನ್ನೆರಡನ್ನು ಎರಡು ಕಡೆಯೂ ಹೊಡೆದುಹಾಕಿ ಒಂದು ಎಂದು ಬರೆದಳು, ಗೇಣು ಬೆರಳುಗಳನ್ನೂ ಹೊಡೆದುಹಾಕಿದಳು. ಆಮೇಲೆ ಎರಡೂ ಮೊಳಕ್ಕೆ ಒಂದೊಂದು ಎತ್ವ ಕೊಟ್ಟಳು. ತಂದೆಯ ಮನೆ, ೧ ಮೊಳೆ. ತಾಯಿಯ ಮನೆ, ೧ ಮೊಳೆ.

'ಇದು ಸರಕಾರಿ ವಹಿ' ಎಂದರು ಮಾಸ್ತರು, ಅಳುವವರ ಹಾಗೆ.

'ಸಹಿ ಮಾಡ್ರಿ' ಎಂದೆ.

ಮಾಡಿದರು.

ಅದಾಗಿ ನಾಲ್ಕು ತಿಂಗಳಾಯಿತು. ಅವ್ವ, ಅಪ್ಪ ಒಂದಾಗಲಿಲ್ಲ, ಆಗುತ್ತಾರೆಂದು ನಾವೂ ಕಾಯಲಿಲ್ಲ. ಆ ದಿನವೇ ಇಬ್ಬರಿಗೂ ಹೇಳಿದ್ದೆ, ಇನ್ನು ಮುಂದೆ ನಿಮ್ಮ ನಿಮ್ಮ ನಿದ್ದೆ ನಿಮ್ಮ ನಿಮ್ಮ ಜಾಗದಲ್ಲಿ ಮಾಡಿಕೊಳ್ಳಿ ಎಂದು. ಅವ್ವ ಮತ್ತೆ ಗೂಡಿನಲ್ಲಿ ತಲೆಯಿಟ್ಟು ಶುರು ಮಾಡಿದ್ದಾಳೆ, ಈಗ ಸೊಂಟದ ತನಕ ಬಂದಿದೆ. ಅಪ್ಪನದು ಇನ್ನೂ ಭುಜದ ತನಕವೇ, ಅವನಿಗೆ ಮೊದಲಿನಿಂದಲೂ ನಿದ್ದೆ ಕಡಿಮೆ. ನಾವು ಮನಸ್ಸು ಬಂದಾಗ ಮನಸ್ಸು ಬಂದ ಮನೆಗೆ ಹೋಗುತ್ತೇವೆ, ಚಂದ್ರನ ಮುಖ ನೋಡಿ ಅಲ್ಲ. ಯಾವ ಪಕ್ಷ ಎಂದು ಕೇಳುವವರು ಈಗಲೂ ಇದ್ದಾರೆ, ಕೇಳಲಿ. ಕಳೆದ ತಿಂಗಳು ಹಿಂದಿನ ಬೀದಿಯ ಇಬ್ಬರು ಪಕ್ಷದ ಹುಡುಗಿಯರು ಬಂದು ಸುತ್ತಿಗೆ ಕಡ ಕೇಳಿದರು, ಕೊಟ್ಟು ಕಳಿಸಿದೆ.

ಎರಡೂ ಕೋಣೆಯ ಮೊಳೆಗೆ ನನ್ನ ಬಟ್ಟೆಗಳು ನೇತಾಡುತ್ತವೆ, ಅದರ ಮೇಲೆ ಕಸ್ತೂರಿಯವು. ಟ್ರಂಕು ಖಾಲಿಯಾಯಿತು. ಅದರಲ್ಲಿ ಈಗ ಆಯಿ ಜೋಳ ತುಂಬಿಟ್ಟಿದ್ದಾಳೆ.